ಕಾಕಾನ ಕಿಟ್ಲಿ ಮತ್ತು ವಾಡಿಯ ಕಲ್ಲಂಗಡಿ

ಸ್ವಂತ ಊರಿನಲ್ಲೇ ಪರದೇಶಿ ಪ್ರವಾಸಿಯಾಗಿ ಬದುಕಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಕಾಕಾ, ಅಪ್ಪನ ತಮ್ಮ! ಹುಟ್ಟಿದ್ದು ಶಹಾಬಾದಿನಲ್ಲಿ, ಬೆಳೆದದ್ದು ಶಹಾಬಾದಿನಲ್ಲಿ, ಅದೇ ಊರಿನ ಕಲ್ಲುಗಣಿಯ ಕಚೇರಿಯಲ್ಲಿ ಗುಮಾಸ್ತನಾಗಿ ಬೆನ್ನು ಬಗ್ಗಿಸಿದ್ದು. ನನಗೆ ಹೆಣ್ಣು ನೋಡಲು ಹೊರಡುವ ತನಕ ಅವನು ಕಂಡಿದ್ದ ಅತಿ ದೂರದ ದೇಶವೆಂದರೆ ಸೇಡಂ. ಆದರೂ ಮನೆಯ ಹಿತ್ತಲಿಗೆ ಹೋಗುವಾಗ ಕೂಡ ನಿನ್ನೆ ತಾನೇ ಹಡಗಿನಿಂದ ಇಳಿದವನ ಹಾಗೆ ಹೆಜ್ಜೆ ಇಡುತ್ತಿದ್ದ.

ನೀವು ನಗಬೇಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ: ಕಾಕಾನ ವಿಷಯದಲ್ಲಿ ನಾನು ನನ್ನ ಮದುವೆಯ ವಾರದಲ್ಲಿ ಎರಡು ಸುಳ್ಳು ಹೇಳಿದ್ದೇನೆ. ಒಂದರಿಂದ ಅವನ ಪ್ರಾಣ ಹೋಗುವುದರಲ್ಲಿತ್ತು. ಅರವತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಇನ್ನು ಸಾಕು.

ಎಲ್ಲಕ್ಕೂ ಮೂಲ ಒಂದು ಪುಸ್ತಕ. ನಿಜಾಮರ ಕಾಲ. ನಮ್ಮೂರಿನ ಕಲ್ಲು ನೋಡಲಿಕ್ಕೆಂದು ವಿಲಾಯತಿಯ ಸಾಹೇಬನೊಬ್ಬ ಬಂದು ಬಂಗಲೆಯಲ್ಲಿ ಎಂಟು ದಿನ ಇದ್ದು ಹೋದ. ಕಾಗದಪತ್ರ ತರಲು ಹೋದ ಕಾಕಾನಿಗೆ ಅವನು ಬಿಟ್ಟುಹೋದ ಮೂರು ವಸ್ತು ಸಿಕ್ಕವು: ಅಂಚು ಮುರಿದ ಒಂದು ಬಿಸಿಲಿನ ಟೋಪಿ, ಅರ್ಧ ಬಾಟಲಿ ಕ್ವಿನೈನು, ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ. ರಟ್ಟಿಲ್ಲದ್ದರಿಂದ ಪುಸ್ತಕದ ಹೆಸರು ಕೊನೆಗೂ ಗೊತ್ತಾಗಲಿಲ್ಲ. ಉಷ್ಣದೇಶಗಳಿಗೆ ಹೋಗುವ ಬಿಳಿಯರು ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಎಂದು ಅದರ ತುಂಬ ಬರೆದಿತ್ತು. ಕಾಕಾ ಡಿಕ್ಷನರಿ ಹಿಡಿದು ಮೂರು ತಿಂಗಳು ಓದಿದ. ಓದಿ ಮುಗಿಸಿದ ದಿನ ನನ್ನನ್ನು ಕರೆದು, ಗುಟ್ಟು ಹೇಳುವವನ ಹಾಗೆ ಹೇಳಿದ:

"ಲೇ, ನಾವು ಎಂಥಾ ದೇಶದಾಗ ಇದ್ದೀವಿ ಗೊತ್ತದೇನು? ಭಾಳ ಅಪಾಯದ ದೇಶ ಅದ!"

"ಕಾಕಾ, ಅದು ಹೊರಗಿಂದ ಬಂದವರಿಗೆ ಬರದದ್ದು. ನಾವು ಇಲ್ಲೇ ಹುಟ್ಟಿದವರು."

ಕಾಕಾ ನನ್ನ ಕಡೆ ಕನಿಕರದಿಂದ ನೋಡಿದ. "ಹುಟ್ಟೂದು ಅಂದ್ರ ಮತ್ತೇನೋ? ಬರೂದೇ ಅಲ್ಲೇನು? ನಾ ಬಂದು ನಲವತ್ತು ವರ್ಷ ಆತು, ಅಷ್ಟ."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಆಗ ಹನ್ನೆರಡರ ಹುಡುಗ ನಾನು; ಮುಂದೆ ಉರ್ದುವಿನಲ್ಲಿ ಮ್ಯಾಟ್ರಿಕ್ ಪಾಸಾದ ಮೇಲೂ ನನಗಂತೂ ಹೊಳೆಯಲಿಲ್ಲ.

ಮರುದಿನದಿಂದ ಪುಸ್ತಕದ ರಾಜ್ಯ ಶುರುವಾಯಿತು. ಧೋತರದ ಮೇಲೆ ಸಾಹೇಬನ ಟೋಪಿ ಬಂತು. ಟೋಪಿ ದೊಡ್ಡದು, ಕಾಕಾನ ತಲೆ ಚಿಕ್ಕದು; ನಡುವಿನ ಜಾಗವನ್ನು ಜುಟ್ಟು ತುಂಬಿಕೊಟ್ಟಿತು. ಹೊಟ್ಟೆಗೆ ತಂಪು ತಗಲಬಾರದು, ಉಣ್ಣೆಯ ಪಟ್ಟಿ ಸುತ್ತಿಕೊಳ್ಳಬೇಕು ಎಂದು ಪುಸ್ತಕ ಹೇಳಿತ್ತು. ಶಹಾಬಾದಿನ ಬೇಸಿಗೆಯಲ್ಲಿ ಹೊಟ್ಟೆಗೆ ತಂಪು! ಬಂಡೆಗಲ್ಲು ಕಾಯ್ದು ಬಿರಿಯುವ ಊರು ಅದು. ಆದರೂ ಕಾಕಾ ಹಳೆಯ ಕಂಬಳಿಯೊಂದನ್ನು ಹರಿದು ಸೊಂಟಕ್ಕೆ ಮೂರು ಸುತ್ತು ಸುತ್ತಿಕೊಂಡು, ಬೆವರು ಹರಿಸುತ್ತ, ಪರಮಾನಂದದಿಂದ ತಿರುಗಾಡಿದ.

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗೆ ಬೀಳಬಾರದೆಂದೂ ಪುಸ್ತಕದಲ್ಲಿತ್ತು. ಕಾಕಾ ಕಚೇರಿಗೆ ಅರ್ಜಿ ಹಾಕಿದ. ಕಚೇರಿಯ ವೇಳೆಯೇ ಹತ್ತರಿಂದ ನಾಲ್ಕು! ಮೇಲಧಿಕಾರಿ ಖಾನಸಾಹೇಬರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಚಾರ್ ಬಜೇ ಆಕೋ ಕ್ಯಾ ಕರ್ತೇ ಜೀ? ತಾಲಾ ಲಗಾತೇ?" ಎಂದರು. ನಾಲ್ಕಕ್ಕೆ ಬಂದು ಏನು ಮಾಡುತ್ತೀರಿ, ಬೀಗ ಹಾಕುತ್ತೀರಾ ಅಂತ. ಕಾಕಾ ಅದಕ್ಕೂ ತಯಾರಿದ್ದ. ಅವರು ಕೀಲಿಕೈ ಕೊಡಲಿಲ್ಲ.

ಇನ್ನು ಚೇಳಿನ ಕಥೆ. ಬೂಟು ಹಾಕಿಕೊಳ್ಳುವ ಮೊದಲು ಕೊಡವಬೇಕು, ಒಳಗೆ ಚೇಳಿರಬಹುದು, ಎಂದು ಪುಸ್ತಕದ ಅಪ್ಪಣೆ. ಕಾಕಾನ ಹತ್ತಿರ ಬೂಟಿರಲಿಲ್ಲ. ಚಪ್ಪಲಿ. ಎರಡು ಪಟ್ಟಿ ಬಿಟ್ಟರೆ ಅಂಗಳದ ಹಾಗೆ ಬಯಲು! ಅದರಲ್ಲಿ ಚೇಳು ಎಲ್ಲಿ ಅಡಗೀತು? ಆದರೂ ದಿನಾಲೂ ಕೊಡವುತ್ತಿದ್ದ. ಬರಬರುತ್ತ ಪರೋಪಕಾರಕ್ಕೂ ಇಳಿದ. ಒಂದು ಶನಿವಾರ ಹನುಮಪ್ಪನ ಗುಡಿಯ ಮುಂದೆ ಭಕ್ತರು ಬಿಟ್ಟಿದ್ದ ಮೂವತ್ತು ನಲವತ್ತು ಜೊತೆ ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ ಕೊಡವುತ್ತ ಕೂತಿದ್ದಾನೆ. ಪೂಜಾರಿ ಹೊರಗೆ ಬಂದವರು ಸ್ವಲ್ಪ ಹೊತ್ತು ನೋಡಿ, ಮರ್ಯಾದೆಯಿಂದಲೇ ಕೇಳಿದರು: "ಯಾವುದೂ ಅಳತೀಗೆ ಬರವಲ್ದೇನ್ರೀ?"

ಆದರೆ ಕಾಕಾನ ನಿಜವಾದ ಧರ್ಮ ನೀರು. ಕುದಿಸದ ನೀರು ತುಟಿಗೆ ತಾಗಕೂಡದು! ಅದಕ್ಕೆಂದೇ ಒಂದು ಹಿತ್ತಾಳೆಯ ಚಹಾದ ಕಿಟ್ಲಿ ಕೊಂಡ. ಅದರಲ್ಲಿ ಚಹಾ ಒಂದು ದಿನವೂ ಆಗಲಿಲ್ಲ. ನೀರನ್ನಷ್ಟೇ ಕುದಿಸುವುದು, ಆರಿಸುವುದು, ಕುಡಿಯುವುದು. ಒಲೆ ಇದ್ದದ್ದು ಅತ್ಯಾನ ವಶದಲ್ಲಿ. ಅತ್ಯಾ ಎಂದರೆ ಕಾಕಾನ ಅಕ್ಕ, ನನಗೆ ಸೋದರತ್ತೆ. ಬಾಲ್ಯದಲ್ಲೇ ವಿಧವೆಯಾಗಿ ತವರಿಗೆ ಬಂದವಳು. ತಂದೆತಾಯಿ ಇಲ್ಲದ ನನ್ನನ್ನು ಸಾಕಿದವರು ಮದುವೆಯಾಗದೆ ಉಳಿದ ಕಾಕಾ ಮತ್ತು ಈ ಅತ್ಯಾ, ಇಬ್ಬರೇ. ಅವಳಿಗೆ ಮಡಿ ಎಷ್ಟೋ, ಇವನಿಗೆ ಪುಸ್ತಕ ಅಷ್ಟು.

"ಏನೋ ಇದು, ದಿನಾ ನೀರಿಗೆ ಜ್ವರಾ ಬರಸತೀಯಲ್ಲೋ!" ಎಂದು ಅತ್ಯಾ ರೇಗುತ್ತಿದ್ದಳು.

"ನೀರಿಗೆ ಬರಲಿ ಅಕ್ಕಾ, ನಮಗ ಬರಬಾರದು."

ಜಗಳ ತಾರಕಕ್ಕೇರಿದ್ದು ಕಾಕಾ ದೇವರ ತೀರ್ಥವನ್ನೂ ಕುದಿಸಬೇಕೆಂದಾಗ. ಅತ್ಯಾ ಸೌಟು ಹಿಡಿದೇ ಎದ್ದಳು. "ತುಳಸಿ ಹಾಕಿ ಕುದಿಸಿದ್ರ ಕಷಾಯ ಆಗ್ತದ, ತೀರ್ಥ ಆಗೂದಿಲ್ಲ! ದೇವರಿಗೆ ಕಾಲರಾ ಬರ್ತದೇನೋ?"

"ದೇವರಿಗೆ ಬರೂದಿಲ್ಲ ಅಕ್ಕಾ. ಅದಕ್ಕ ಅಂವಗ ಕಾಳಜಿ ಇಲ್ಲ."

ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಒಪ್ಪಂದವಾಯಿತು: ಅತ್ಯಾ ಮಡಿಯಲ್ಲೇ ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ ಆರಿಸಬೇಕು, ಆ ನೀರಿನಿಂದಲೇ ದೇವರಿಗೆ ಅಭಿಷೇಕ. ಹೀಗಾಗಿ ಇಡೀ ನಿಜಾಮ ಸೀಮೆಯಲ್ಲಿ ವಿಲಾಯತಿ ಪದ್ಧತಿಯಿಂದ ಸ್ನಾನ ಮಾಡಿದ ಶಾಲಿಗ್ರಾಮ ನಮ್ಮದೊಂದೇ!

ಇದರ ಜೊತೆಗೆ ಒಂದು ವಹಿ. ದಿನಾಲೂ ಮಲಗುವ ಮೊದಲು ಕಾಕಾ ಅದರಲ್ಲಿ ಆ ದಿನ ಕುಡಿದದ್ದನ್ನೆಲ್ಲ ಬರೆಯುತ್ತಿದ್ದ. "ನೀರು, ನಾಲ್ಕು ತಂಬಿಗೆ. ಕುದಿಸಿದ್ದು. ಸಾಕ್ಷಿ: ಸ್ವತಃ." "ಮಜ್ಜಿಗೆ, ಒಂದು ಲೋಟ. ನೀರು ಕುದಿಸಿದ್ದು. ಸಾಕ್ಷಿ: ಅಕ್ಕ." ಕಣ್ಣಾರೆ ಕಂಡ ಸಾಕ್ಷಿ ಇಲ್ಲದ ಹನಿ ಅವನ ಗಂಟಲಿಗೆ ಇಳಿಯುತ್ತಿರಲಿಲ್ಲ. ಎಂಟು ವರ್ಷ, ಒಂದು ದಿನವೂ ತಪ್ಪಲಿಲ್ಲ. ಊರವರು ನಗುತ್ತಿದ್ದರು, ನಿಜ. ಆದರೆ ಅವನ ಮಾತನ್ನು ನಂಬುತ್ತಲೂ ಇದ್ದರು. ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಮೊದಲು ಓಡಿಬರುತ್ತಿದ್ದದ್ದು ಇವನ ಹತ್ತಿರ. ಆ ನಂಬಿಕೆ ಕಾಕಾನಿಗೆ ಟೋಪಿಗಿಂತ ದೊಡ್ಡ ಕಿರೀಟವಾಗಿತ್ತು.

ನನಗೆ ಇಪ್ಪತ್ತು ತುಂಬಿದಾಗ ಚಿಂಚೋಳಿಯ ಶಾಲಾ ಮಾಸ್ತರೊಬ್ಬರ ಮಗಳನ್ನು ನೋಡಲು ಹೋದೆವು. ಹೆಣ್ಣು ನೋಡಲು ಹೋದವರು ಏನು ಕೇಳುತ್ತಾರೆ? ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ. ಕಾಕಾ ಗಂಟಲು ಸರಿಮಾಡಿಕೊಂಡು ಕೇಳಿದ:

"ತಂಗೀ, ನೀರು ಎಷ್ಟೊತ್ತು ಕುದಸ್ತಿ?"

ಅತ್ಯಾ ಹಣೆ ಹಣೆ ಚಚ್ಚಿಕೊಂಡಳು. ನಾನು ಚಾಪೆಯ ಕಡ್ಡಿ ಎಣಿಸಿದೆ. ಹುಡುಗಿ ತಲೆ ಎತ್ತಲಿಲ್ಲ, ಆದರೆ ತಡಮಾಡಲೂ ಇಲ್ಲ.

"ನೀವು ಸಾಕು ಅನ್ನೂತನಕಾರೀ."

ಕಾಕಾ ತೊಡೆ ತಟ್ಟಿ ಎದ್ದೇಬಿಟ್ಟ! "ಆತು, ಮುಗೀತು! ಇಂಥಾಕಿ ಸಿಗೂದಿಲ್ಲ!" ನನ್ನನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ ಎನ್ನಿ.

ಮದುವೆ ಬೇಸಿಗೆಯಲ್ಲಿ, ಚಿಂಚೋಳಿಯಲ್ಲಿ. ನಮ್ಮ ದಿಬ್ಬಣ ಶಹಾಬಾದಿನಿಂದ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ಮೇಲೆ ಹಾಯ್ದು ಸೇಡಂನಲ್ಲಿ ಇಳಿಯಬೇಕು. ಅಲ್ಲಿಂದ ಎತ್ತಿನ ಗಾಡಿ. ಹೊರಡುವ ಮುಂಚೆ ಕಾಕಾ ನಲವತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ನಾಲಿಗೆಯ ಮೇಲೆ ಕ್ವಿನೈನು ಇಟ್ಟ. ಮದುವೆಗೆ ಹೊರಟವರ ಮುಖಗಳು ಸೂತಕದ ಮನೆಗೆ ಹೊರಟವರ ಹಾಗಾದವು. "ಸಿಹಿ ಊಟಕ್ಕ ಕರದು ಕಹಿ ತಿನಸಾಕತ್ತೀಯಲ್ಲೋ!" ಎಂದು ಮುದುಕರೊಬ್ಬರು ಉಗುಳಲೂ ಆಗದೆ ನುಂಗಲೂ ಆಗದೆ ಅತ್ತೇಬಿಟ್ಟರು.

ವಾಡಿ ಜಂಕ್ಷನ್ನು! ಏನು ಗದ್ದಲ, ಏನು ಹೊಗೆ! ಪ್ಲಾಟಫಾರ್ಮಿನ ತುಂಬ ಕೊಯ್ದಿಟ್ಟ ಕಲ್ಲಂಗಡಿಯ ಕೆಂಪು ಹೋಳುಗಳು, ಹೋಳಿನ ಮೇಲೆ ನೊಣಗಳ ಸಂತೆ. ದಿಬ್ಬಣದವರ ಬಾಯಲ್ಲಿ ನೀರೂರಿತು. ಕಾಕಾ ಟೋಪಿ ಎತ್ತಿ ಗುಡುಗಿದ: "ಕೊಯ್ದಿಟ್ಟ ಹಣ್ಣು ಅಂದ್ರ ಯಮನ ಪಾರ್ಸಲ್ಲು! ಯಾರೂ ಮುಟ್ಟಬ್ಯಾಡ್ರಿ!" ಯಾರೂ ಮುಟ್ಟಲಿಲ್ಲ. ಕಿಟ್ಲಿಯ ನೀರು ಅಲ್ಲಿಗೆ ತೀರಿತ್ತು. ಕುದಿಸಲು ಒಲೆ ಎಲ್ಲಿ? ಕಾಕಾನ ಕಣ್ಣು ಇಂಜಿನ್ನಿನ ಮೇಲೆ ಬಿತ್ತು.

"ಬಾರೋ ನನ್ನ ಕೂಡ," ಎಂದು ನನ್ನ ಕೈಗೆ ಒಂದು ತಪ್ಪೇಲಿ ಕೊಟ್ಟು, ತಾನು ಕಿಟ್ಲಿ ಹಿಡಿದು, ಹೊಗೆ ಉಗುಳುವ ಆ ಕರಿಯ ರಾಕ್ಷಸನ ಹತ್ತಿರ ಹೋದ. ಹಣೆಗೆ ಅರಿಷಿಣ ಕುಂಕುಮ, ಕೈಯಲ್ಲಿ ತಪ್ಪೇಲಿ. ಇಂಜಿನ್ನಿಗೆ ಭಿಕ್ಷೆಗೆ ಹೋದ ಮದುಮಗ ನನ್ನ ಹೊರತು ಇನ್ನೊಬ್ಬನಿದ್ದರೆ ಹೇಳಿ! ಡ್ರೈವರು ಮೊದಲು ಬೈದ, ಆಮೇಲೆ ಟೋಪಿ ನೋಡಿ ನಕ್ಕ, ಕೊನೆಗೆ ನಲ್ಲಿ ತಿರುಗಿಸಿ ಬುಸ್ಸೆನ್ನುವ ನೀರು ತುಂಬಿಕೊಟ್ಟ. ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಕಾಕಾ ನನ್ನ ಮಗ್ಗುಲು ಬಿಟ್ಟು ಒಂದು ಹೆಜ್ಜೆ ಸರಿದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ದಿಬ್ಬಣದ ಉಳಿದವರಿಗೆ ಮಾತ್ರ ಹೊಗೆಯಲ್ಲಿ ನಾವು ಕಾಣುತ್ತಿರಲಿಲ್ಲ.

ಸೇಡಂನಲ್ಲಿ ನೆಂಟರ ಮನೆಯಲ್ಲಿ ತಂಗಿ, ಮರುದಿನ ನಸುಕಿನಲ್ಲೇ ಗಾಡಿ ಕಟ್ಟಿದೆವು. ಸಂಜೆ ಚಿಂಚೋಳಿ ಇನ್ನೂ ಅರ್ಧ ಹರದಾರಿ ಇರುವಾಗ ಕಾಕಾ ನನ್ನ ಗಾಡಿಯ ಹತ್ತಿರ ಬಂದ.

"ನಿನ್ನ ಎತ್ತು ಚುರುಕು ಅವ. ನೀ ಮುಂದ ಹೋಗು. ಸೀಮಿ ಮ್ಯಾಲೆ ಬೀಗರು ಪಾನಕ ಕೊಡ್ತಾರ. ನೀರು ಕುದಿಸ್ಯಾರೋ ಇಲ್ಲೋ ಕಣ್ಣಾರೆ ನೋಡು. ಕುದಿಸಿಲ್ಲಂದ್ರ ಮಾಸ್ತರಿಗೆ ಹೇಳಿ ಕುದಸಸು. ಆ ಹುಡುಗಿ ಮನಿಯವರು ಬ್ಯಾಡ ಅನ್ನೂದಿಲ್ಲ."

ಬೀಗರನ್ನು ಊರ ಸೀಮೆಯಲ್ಲಿ ಎದುರುಗೊಂಡು ಬೆಲ್ಲದ ಪಾನಕ ಕೊಡುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಮನೆಯ ಹಿರಿಯ ಅದನ್ನು ಬೇಡವೆಂದರೆ ಹೆಣ್ಣಿನ ಕಡೆಯವರ ಮುಖಕ್ಕೆ ಹೊಡೆದ ಹಾಗೆ. ಆಯಿತು ಎಂದು ನಾನು ಹೋದೆ. ಊರ ಹೊರಗಿನ ಗುಡಿಯ ಕಟ್ಟೆಯ ಮೇಲೆ ದೊಡ್ಡ ಹಂಡೆ, ಅದರಲ್ಲಿ ಆಗಷ್ಟೇ ಬಾವಿಯಿಂದ ತಂದು ಸುರಿದ ತಣ್ಣೀರು. ಬೆಲ್ಲ ಇನ್ನೂ ಹಾಕಿರಲಿಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾಸ್ತರು ಕೈ ಜೋಡಿಸಿ ಬಂದು, "ಏನರೆ ಬೇಕಾಗಿತ್ತೇನ್ರಿ?" ಎಂದು ತಾವಾಗಿಯೇ ಕೇಳಿದರು.

ಆದರೆ ಅದೇ ಹೊತ್ತಿಗೆ ಅವರ ಹಿಂದಿದ್ದ ಹುಡುಗಿಯ ಅಣ್ಣತಮ್ಮಂದಿರಲ್ಲಿ ಒಬ್ಬ ಕಿಸಕ್ಕನೆ ನಕ್ಕು, "ನಿಮ್ಮ ಕಾಕಾ ಹೊಟ್ಟಿಗೆ ಕಂಬಳಿ ಸುತಗೋತಾರಂತಲ್ರಿ, ಖರೇನೇನು?" ಎಂದುಬಿಟ್ಟ. ನನ್ನ ಕಿವಿ ಕಾದವು. ಮ್ಯಾಟ್ರಿಕ್ ಪಾಸಾದ ಮದುಮಗ ನಾನು! ತಲೆಗೆ ರೇಷ್ಮೆಯ ರುಮಾಲು ಸುತ್ತಿದವನು! ಇವರ ಮುಂದೆ ನಿಂತು ನೀರು ಕುದಿಸಿ ಎನ್ನಲೇ?

"ಏನೂ ಬ್ಯಾಡ್ರಿ," ಎಂದೆ. ಎಂದು, ಬೇವಿನ ಮರದ ಕೆಳಗೆ ಕೂತು ಕನ್ನಡಿಯಲ್ಲಿ ರುಮಾಲು ಸರಿಮಾಡಿಕೊಂಡೆ.

ದಿಬ್ಬಣ ಬಂತು. ವಾಲಗ, ಪನ್ನೀರು, ನಗು! ಮಾಸ್ತರು ಪಾನಕದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾಕಾನ ಮುಂದೆ ನಿಂತರು. ಕಾಕಾ ಲೋಟ ನೋಡಿದ, ನನ್ನನ್ನು ನೋಡಿದ.

"ಕುದಿಸ್ಯಾರೇನೋ?"

"ಕುದಿಸ್ಯಾರ ಕಾಕಾ."

"ಕಣ್ಣಾರೆ ನೋಡೀಯೇನು?"

"ನೋಡೀನಿ."

ಇದು ಮೊದಲನೆಯ ಸುಳ್ಳು. ಕಾಕಾ ಮಗುವಿನಂತೆ ನಕ್ಕು ಲೋಟ ಎತ್ತಿ ಗಟಗಟ ಕುಡಿದ. "ಭಾಳ ಛಲೋ ಆಗ್ಯದ್ರೀ!" ಎಂದು ಮಾಸ್ತರಿಗೆ ಹೇಳಿ ಇನ್ನೊಂದು ಲೋಟವನ್ನೂ ಕೇಳಿ ಕುಡಿದ!

ಮದುವೆ ಆಯಿತು. ಮೂರನೆಯ ದಿನ ಬೆಳಿಗ್ಗೆ ಕಾಕಾ ಮಲಗಿದ. ವಾಂತಿ, ಭೇದಿ; ಅದು ಯಾವ ಬೇನೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಗೆ ಹೋಗಿದ್ದವು, ದನಿ ಬಾವಿಯ ತಳಕ್ಕೆ ಇಳಿದಿತ್ತು. ವಿಚಿತ್ರ ನೋಡಿ: ಪಾನಕ ಕುಡಿದವರು ನಲವತ್ತು ಮಂದಿ. ಉಳಿದ ಮೂವತ್ತೊಂಬತ್ತು ಮಂದಿ ಗುಂಡುಕಲ್ಲಿನ ಹಾಗಿದ್ದರು! ಹೊಳೆ, ಹಳ್ಳ, ಬಾವಿ ಎಲ್ಲದರ ನೀರೂ ಅವರ ಹೊಟ್ಟೆಗೆ ಗುರುತು. ಎಂಟು ವರ್ಷ ಕುದಿಸಿದ ನೀರು ಕುಡಿದು ಕಾಕಾನ ಹೊಟ್ಟೆ ಮಾತ್ರ ಖರೆ ಖರೆ ವಿಲಾಯತಿಯದಾಗಿಬಿಟ್ಟಿತ್ತು. ಅವನು ಅಂದಿನ ತನಕ ಪರದೇಶಿಯ ವೇಷ ಹಾಕಿದ್ದ. ಅಂದು ನಿಜವಾಗಿ ಪರದೇಶಿಯಾದ.

ಎಲ್ಲರೂ ಗಟ್ಟಿಯಾಗಿದ್ದು ಮನೆಯ ಹಿರಿಯನೊಬ್ಬನೇ ನೆಲ ಹಿಡಿದರೆ ಜನ ಕಾರಣ ಎಲ್ಲಿ ಹುಡುಕುತ್ತಾರೆ? ನೀರಿನಲ್ಲಲ್ಲ. ಹೊಸ ಸೊಸೆಯ ಕಾಲಿನಲ್ಲಿ! ಪಡಸಾಲೆಯ ನಡುವೆ ಕೂತು ಅತ್ಯಾ ಶುರುಮಾಡಿದಳು:

"ಇನ್ನೂ ನಮ್ಮ ಹೊಸ್ತಿಲಾ ಮೆಟ್ಟಿಲ್ಲ, ಅಕ್ಕಿ ಸೇರು ಒದ್ದಿಲ್ಲ, ಆಗಲೇ ಮನೀ ಯಜಮಾನನ್ನ ಹಾಸಗಿ ಹಿಡಿಸಿದಳು! ಇದೆಂಥಾ ಕಾಲ್ಗುಣಾರೀ ಮಾಸ್ತರ? ನಿಮ್ಮ ಮಗಳು ನಿಮ್ಮ ಹತ್ರನೇ ಇರಲಿ. ಇಂವಾ ಎದ್ರ ನೋಡೂಣು, ಏಳಲಿಲ್ಲಂದ್ರ..."

ಮಾಸ್ತರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಾಗಿಲ ಹಿಂದೆ ಬಳೆಗಳ ಸದ್ದು ನಿಂತುಹೋಯಿತು. ಆ ಕಾಲದಲ್ಲಿ ಮದುವೆಯ ಮಂಟಪದಿಂದ ಹಾಗೆ ಬಿಟ್ಟುಹೋದ ಹೆಣ್ಣಿನ ಗತಿ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೆಟ್ಟ ಕಾಲಿನವಳೆಂಬ ಹೆಸರು ಅವಳ ತಂಗಿಯರಿಗೂ ಅಂಟುತ್ತಿತ್ತು. ನನಗೆ ಇನ್ನೊಂದೂ ಗೊತ್ತಿತ್ತು. "ಅತ್ಯಾ, ಆಕಿ ಕಾಲಲ್ಲ, ನನ್ನ ನಾಲಿಗಿ." ಅಷ್ಟೇ ಹೇಳಬೇಕಿತ್ತು. ಐದು ಮಾತು. ನಾನು ಬಾಗಿಲ ಚೌಕಟ್ಟು ಹಿಡಿದು ಮಾಳಿಗೆಯ ತೊಲೆ ನೋಡುತ್ತ ನಿಂತೆ.

ಆಗ ಒಳಗಿನಿಂದ ಬಾವಿಯ ತಳದ ಆ ದನಿ ಬಂತು. "ಅಕ್ಕಾ. ಇಲ್ಲಿ ಬಾ. ಎಲ್ಲಾರೂ ಬರ್ರಿ."

ಎಲ್ಲರೂ ಹಾಸಿಗೆಯ ಸುತ್ತ ಸೇರಿದರು.

"ಆ ಹುಡುಗಿ ಕಾಲಿನ ಸುದ್ದಿ ತಗೀಬ್ಯಾಡ. ತಪ್ಪು ನಂದು. ವಾಡಿಯೊಳಗ... ಕಲ್ಲಂಗಡಿ ತಿಂದೆ."

ಅತ್ಯಾನ ಬಾಯಿ ತೆರೆದಂತೆಯೇ ನಿಂತಿತು. "ನೀನೇನು?"

"ನಾನ."

"ಕೊಯ್ದಿಟ್ಟದ್ದೇನು?"

"ಕೊಯ್ದಿಟ್ಟದ್ದು."

"ನೊಣಾ ಇದ್ದವೇನೋ?"

"ಇದ್ದವು. ಇಂಜಿನ್ ಹತ್ರ ಹೋಗ್ತೀನಂತ ಹೇಳಿ ಹೋಗಿ ತಿಂದೆ. ಎರಡು ಹೋಳು." ಕಾಕಾ ಸ್ವಲ್ಪ ಉಸಿರು ತೆಗೆದುಕೊಂಡ. "ಉಪ್ಪು ಹಚ್ಚಿ." ಆಮೇಲೆ ಬೆರಳೆತ್ತಿ ನನ್ನನ್ನು ತೋರಿಸಿದ. "ಇಂವಾ ಕೂಡ ಇದ್ದ. ಕೇಳ್ರಿ."

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಕಾಕಾನ ಒಳಸೇರಿದ ಕಣ್ಣುಗಳು ನನ್ನ ಮೇಲೇ ಇದ್ದವು. ಅವನು ಅಲ್ಲಿ ತಿಂದದ್ದು ಹೊಗೆಯೊಂದನ್ನೇ ಎಂದು ಲೋಕದಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ.

"ಹೌದು ಅತ್ಯಾ," ಎಂದೆ. "ನಾ ನೋಡೀನಿ."

ಇದು ಎರಡನೆಯ ಸುಳ್ಳು.

ಅತ್ಯಾ ಸ್ಫೋಟಿಸಿದಳು: "ಎಂಟು ವರ್ಷ ನನ್ನ ಒಲೀ ಮುಂದ ಕುಂತು ನೀರಿಗೆ ಜ್ವರಾ ಬರಿಸಿದಿ, ಸಾಲಿಗ್ರಾಮಕ್ಕ ಬಿಸಿನೀರು ಕಾಸಿದಿ, ಕಡೀಕ ವಾಡಿ ಟೇಶನ್ನಾಗ ನೊಣದ ಕೂಡ ಪಂಕ್ತಿ ಕುಂತಿಯೇನೋ!" ಯಾರೋ ಒಬ್ಬರು ತಡೆಯಲಾರದೆ ಫಕ್ಕನೆ ನಕ್ಕರು. ಇನ್ನೊಬ್ಬರು. ಕ್ವಿನೈನು ತಿಂದು ಅತ್ತ ಆ ಮುದುಕರಂತೂ ಗೋಡೆ ಹಿಡಿದು ನಕ್ಕರು. ಪಡಸಾಲೆಯ ತುಂಬ ನಗು! ಆ ನಗುವಿನಲ್ಲಿ ಕಾಲ್ಗುಣದ ಮಾತು ಎಲ್ಲಿ ಹಾರಿಹೋಯಿತೋ ಮತ್ತೆ ಯಾರೂ ಎತ್ತಲಿಲ್ಲ. ಮಾಸ್ತರು ಮೆಲ್ಲಗೆ ರುಮಾಲು ತಲೆಗಿಟ್ಟುಕೊಂಡರು.

ಅಂದಿನಿಂದ ಹನ್ನೆರಡು ದಿನ ಹೊಸ ಮದುಮಗಳು ಹಸಿರು ಬಳೆಯ ಕೈಯಲ್ಲೇ ಕಿಟ್ಲಿ ಹಿಡಿದಳು. ಕಾಕಾ ಪುಸ್ತಕದ ಪುಟದ ನಂಬರು ಹೇಳುವುದು, ನಾನು ಓದುವುದು, ಅವಳು ಉಪ್ಪು ಸಕ್ಕರೆ ಹಾಕಿ ಆರಿಸಿದ ನೀರನ್ನು ಚಮಚೆ ಚಮಚೆಯಾಗಿ ಕುಡಿಸುವುದು. "ಸಾಕೇನ್ರಿ, ಇನ್ನೂ ಕುದಸಲೇನ್ರಿ?" ಎಂದು ಪ್ರತಿ ಸಲ ಬಾಗಿಲಿನಿಂದ ಕೇಳುತ್ತಿದ್ದಳು. ಹದಿಮೂರನೆಯ ದಿನ ಕಾಕಾ ಎದ್ದು ಕೂತ. ಎದ್ದ ಕೂಡಲೆ ಮೊದಲು ಮಾಡಿದ ಕೆಲಸ ಏನು ಗೊತ್ತೇ? ಚಪ್ಪಲಿ ತರಿಸಿ ಕೊಡವಿದ!

ಎದ್ದನೇನೋ ನಿಜ, ಆದರೆ ಕಿರೀಟ ಹೋಗಿತ್ತು. ನಾವು ಊರು ಮುಟ್ಟುವುದರೊಳಗೆ ಸುದ್ದಿ ರೈಲಿಗಿಂತ ಮುಂದೆ ಓಡಿತ್ತು. ಸೇಡಂನಿಂದ ಶಹಾಬಾದಿನವರೆಗೆ ಅವನಿಗೆ ಕಲ್ಲಂಗಡಿ ಕಾಕಾ ಎಂದೇ ಹೆಸರಾಯಿತು. ವಾಡಿಯ ಹಣ್ಣಿನವರು ಟೋಪಿ ಕಂಡ ಕೂಡಲೆ, "ಬರ್ರಿ ಕಾಕಾ, ನೊಣಾ ಭಾಳ ಅವ, ನಿಮಗಂತನೇ ಇಟ್ಟೀವಿ!" ಎಂದು ಕೂಗುತ್ತಿದ್ದರು. ಯಾರ ಮನೆಯ ಮುಂದೆ ನಿಂತು "ನೀರು ಕುದಿಸಿ ಕುಡೀರಿ" ಎಂದರೂ "ಉಪ್ಪು ಹಚ್ಚಲೇನ್ರಿ?" ಎಂಬ ಉತ್ತರ. ಆ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ, ಕೈಬಾಯಿ ತಿರುವಿ ಹೇಳಿ ನಗಿಸುತ್ತಿದ್ದವನು ಯಾರು? ನಾನೇ! ಎರಡು ಸುಳ್ಳಿಗಿಂತ ಈ ನಗು ನನ್ನನ್ನು ಹೆಚ್ಚು ಸುಡುತ್ತದೆ. ಕಾಕಾ ಒಂದು ಮೂಲೆಯಲ್ಲಿ ಕೂತು ಕೇಳುತ್ತಿದ್ದ, ಕಿಟ್ಲಿ ಒರೆಸುತ್ತಿದ್ದ. ಒಂದು ಸಲವೂ ನನ್ನನ್ನು ತಡೆಯಲಿಲ್ಲ.

ಎರಡು ಬೇಸಿಗೆ ಕಳೆದು ನಮ್ಮ ಓಣಿಗೆ ಬೇನೆ ಬಂದಾಗ ಅವನ ಮಾತು ಯಾರೂ ಕೇಳಲಿಲ್ಲ. ಆಗ ನನ್ನ ಹೆಂಡತಿ ಸೆರಗು ಬಿಗಿದು ಮನೆಮನೆಗೆ ಹೋದಳು. ಕಾಕಾನನ್ನು ಸಾವಿನ ಬಾಯಿಂದ ಎಳೆದು ತಂದ ಸೊಸೆ ಎಂದು ಅವಳಿಗೆ ಹೆಸರು ಬಂದಿತ್ತಲ್ಲ! ಅವಳು ಹೇಳಿದರೆ ಕುದಿಸುತ್ತಿದ್ದರು. ಇವನು ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಟೋಪಿ ಕಂಕುಳಲ್ಲಿ ಮುಚ್ಚಿಟ್ಟುಕೊಂಡು ನಡೆಯುತ್ತಿದ್ದ.

ನಿಜಾಮರ ರಾಜ್ಯ ಮುಗಿಯುವುದಕ್ಕೆ ಒಂದು ವರ್ಷ ಮೊದಲು ಕಾಕಾ ಹೋದ. ಬೇನೆಯಿಂದಲ್ಲ, ಮಧ್ಯಾಹ್ನ ಊಟವಾಗಿ ಸೊಳ್ಳೆಪರದೆಯೊಳಗೆ ಮಲಗಿದವನು ಏಳಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಅವನ ಟ್ರಂಕು ತೆಗೆದೆ. ವಹಿಗಳೆಲ್ಲ ಒಪ್ಪವಾಗಿದ್ದವು. ನನ್ನ ಮದುವೆಯ ವರ್ಷದ ವಹಿ ಹುಡುಕಿದೆ. ವಾಡಿಯ ದಿನ: "ನೀರು, ಇಂಜಿನ್ನಿನದು. ಕುದಿಸಿದ್ದು. ಸಾಕ್ಷಿ: ಸ್ವತಃ, ಡ್ರೈವರು." ಕಲ್ಲಂಗಡಿಯ ಸುದ್ದಿಯೇ ಇಲ್ಲ. ವಹಿಯಲ್ಲಿ ಅವನು ಸುಳ್ಳು ಬರೆಯಲಾರ. ಪುಟ ತಿರುಗಿಸಿದೆ.

"ಚಿಂಚೋಳಿ ಸೀಮೆ. ಪಾನಕ, ಎರಡು ಲೋಟ. ಕುದಿಸಿದ್ದು. ಸಾಕ್ಷಿ: ನಮ್ಮ ಹುಡುಗ."

ಅಲ್ಲಿಂದಾಚೆ ಎಷ್ಟೋ ವರ್ಷ ಆ ವಹಿ ಅವನ ತಲೆದಿಂಬಿನ ಹತ್ತಿರವೇ ಇತ್ತು. ಆ ಸಾಲನ್ನು ಹೊಡೆದುಹಾಕಬಹುದಿತ್ತು. ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಬಹುದಿತ್ತು. ಹಾಕಲಿಲ್ಲ. ತಾನು ಸಾಯುವುದರಲ್ಲಿದ್ದಾಗಲೂ ಬೇನೆ ಎಲ್ಲಿಂದ ಬಂತೆಂದು ಎಲ್ಲೆಲ್ಲೋ ಹುಡುಕಿರಬೇಕು, ನನ್ನ ಮಾತಿನಲ್ಲಿ ಮಾತ್ರ ಹುಡುಕಲಿಲ್ಲ. ಇಡೀ ಲೋಕವನ್ನು ಕುದಿಸಿ ಕುಡಿದ ಮನುಷ್ಯ ನನ್ನನ್ನು ಹಾಗೇ ಕುಡಿದಿದ್ದ.

ಇದನ್ನೆಲ್ಲ ನಿನ್ನೆ ನನ್ನ ಹೆಂಡತಿಗೆ ಓದಿ ಹೇಳಿದೆ. ಅರವತ್ತು ವರ್ಷದಲ್ಲಿ ಮೊದಲ ಸಲ. ಅವಳಿಗೆ ಈಗ ಕಿವಿ ಮಂದ, ಗಟ್ಟಿಯಾಗಿ ಓದಬೇಕಾಯಿತು. ತಪ್ಪೊಪ್ಪಿಗೆಯನ್ನು ಕೂಗಿ ಹೇಳುವ ಶಿಕ್ಷೆ ಯಾರಿಗೂ ಬೇಡ! ಓದಿ ಮುಗಿಸಿ ವಹಿ ತೆಗೆದು, ಆ ಸಾಲು ತಿದ್ದಿ ಖರೇ ಸಂಗತಿ ಬರೆದುಬಿಡುತ್ತೇನೆ ಎಂದು ಪೆನ್ನು ತೆಗೆದೆ. ಅವಳು ವಹಿಯ ಮೇಲೆ ಕೈ ಇಟ್ಟಳು.

"ಆ ನೀರು ಸೇದಿದಾಕಿ ನಾನ," ಎಂದಳು. "ಒಂದು ಮಾತು ಅಂದಿದ್ರ ಕುದಸ್ತಿದ್ದೆ."

ನಾನು ಪೆನ್ನು ಕೆಳಗಿಟ್ಟೆ.

"ಅವರು ಬರದದ್ದು ತಿದ್ದಬ್ಯಾಡ್ರಿ. ನಮ್ಮ ಹುಡುಗ ಅಂತ ಬರದಾರ. ಇರಲಿ."

ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾನೂರು ಸಲ ಕಲಾಯಿ ಮಾಡಿಸಿದ ಆ ಹಳೆಯ ಕಿಟ್ಲಿಯ ಮುಚ್ಚಳ ಸದ್ದು ಮಾಡುತ್ತಿರುವುದು ಕೇಳಿಸುತ್ತಿತ್ತು. ಕೊನೆಗೆ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು.

"ಕುದಿಸಿದ್ದ ಅದ. ಆರಿಸೀನಿ. ಎದ್ದು ಬಂದು ಒಲಿ ನೋಡ್ತೀರೇನು?"

ನಾನು ಏಳಲಿಲ್ಲ. ಲೋಟ ಎತ್ತಿ ಕುಡಿದೆ.